ಇಲ್ಲದ ಕೈಯ ಮುಷ್ಟಿ

ಈಗಷ್ಟೇ ಫಿಜಿಯೋಥೆರಪಿ ಓದಿ ಮುಗಿಸಿದ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಕೆಲಸ ಸಿಕ್ಕಿದೆಯಂತೆ. ‘ಸೇರೋಕಿಂತ ಮೊದ್ಲ ಏನೇನು ಓದ್ಕೋಬೇಕ್ರಿ ಮೇಡಂ?’ ಎಂದು ಪೆನ್ನು ಹಿಡಿದು ಕೂತಳು. ‘ಏನೂ ಬ್ಯಾಡವ್ವ. ಒಂದು ವಾರ ಬಾಗಿಲ ಹೊರಗ ಬೆಂಚಿನ ಮ್ಯಾಲ ಕುಂತು ಮಂದೀನ ನೋಡು’ ಎಂದೆ. ಪೆನ್ನಿನ ಮುಚ್ಚಳ ಹಾಕಿಬಿಟ್ಟಳು. ಚಹಾ ಕುಡಿದು ಹೋಗುವಾಗ ಅವಳ ಮುಖ ನೋಡಿದರೆ, ಮುದುಕಿಗೆ ಅರಳುಮರಳು ಶುರುವಾಗಿದೆ ಎಂದುಕೊಂಡಂತಿತ್ತು. ಅವತ್ತು ಅವಳಿಗೆ ಬಿಡಿಸಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಾಡಿಯ ಹುಡುಗಿ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅಪ್ಪನ ಲಾಟೀನು. ನಾನು ಓದಿ ಬಂದು ಸೇಡಂನ ಒಂದು ಸಣ್ಣ ಪುನಶ್ಚೇತನ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಈ ವಿದ್ಯೆಯ ಹೆಸರೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜನ ನನ್ನನ್ನು ‘ಮಾಲೀಶ್ ಬಾಯಿ’ ಎನ್ನುತ್ತಿದ್ದರು. ಬಸ್‌ ಸ್ಟ್ಯಾಂಡಿನಲ್ಲಿ ಯಾರಾದರೂ ಗೌಡರು ಸಿಕ್ಕರೆ, ‘ಬಾಯಿ, ನಮ್ಮ ಮುದುಕಿ ಕಾಲು ಜರಾ ತಿಕ್ಕಿ ಹೋಗ್ರಿ’ ಎಂದು ಅಲ್ಲೇ ಅಪ್ಪಣೆ ಮಾಡುತ್ತಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ತಿಕ್ಕಿ ಬರುತ್ತಿದ್ದೆ, ಬರುವಾಗ ಮುದುಕಿಗೆ ನಾಲ್ಕು ವ್ಯಾಯಾಮ ಹೇಳಿಕೊಟ್ಟು ಬರುತ್ತಿದ್ದೆ. ಹಾಗೆ ಬಾಯಿ ಹೋಗಿ ಮೇಡಂ ಆದೆ.

ಕೇಂದ್ರವೆಂದರೆ ಒಂದು ಉದ್ದನೆಯ ಕೋಣೆ. ಕೀಲುಗಳಿಗೆ ಶಾಖ ಕೊಡಲು ಮೇಣ ಕಾಯಿಸುವ ಪೆಟ್ಟಿಗೆ, ಭುಜ ತಿರುಗಿಸುವ ಗಾಲಿ, ಕಾಲಿಗೆ ಕಟ್ಟುವ ಮರಳಿನ ಚೀಲ, ಹಿಡಿದು ನಡೆಯುವ ಎರಡು ಕಂಬಿ. ವಾರದಲ್ಲಿ ಒಂದೊಂದು ದಿನ ಚಿತ್ತಾಪುರ, ಚಿಂಚೋಳಿ, ಶಹಾಬಾದಗಳಲ್ಲಿ ಶಿಬಿರ. ಸಿಮೆಂಟಿನ ಚೀಲ ಹೊತ್ತವರ ಬೆನ್ನು, ಕಲ್ಲು ಎತ್ತಿದವರ ಸೊಂಟ, ತೊಗರಿ ಕೊಯ್ದವರ ಮಂಡಿ, ಇವೇ ನನ್ನ ಪಾಠಪುಸ್ತಕಗಳು.

ಇದನ್ನೆಲ್ಲ ನಡೆಸುತ್ತಿದ್ದವರು ನಾವು ಡಾಕ್ಟರ್ ಸಾಹೇಬರು ಎನ್ನುತ್ತಿದ್ದ ಒಬ್ಬ ಎಲುಬಿನ ವೈದ್ಯರು. ಮೂಗಿನ ತುದಿಯಲ್ಲೇ ಸಿಟ್ಟಿದ್ದ ಮನುಷ್ಯ. ರೋಗಿ ತಪ್ಪು ಮಾಡಿದರೆ ನಮ್ಮನ್ನು ಬೈಯುತ್ತಿದ್ದರು, ನಾವು ತಪ್ಪು ಮಾಡಿದರೆ ಗೋಡೆಯನ್ನು ಬೈಯುತ್ತಿದ್ದರು. ಆದರೆ ಅವರಷ್ಟು ಚೆನ್ನಾಗಿ ಮನುಷ್ಯರ ಮೈಯನ್ನು ಓದಬಲ್ಲವರನ್ನು ನಾನು ಮತ್ತೆ ಕಾಣಲಿಲ್ಲ. ಮೊದಲ ವಾರವೇ ನನ್ನನ್ನು ಕರೆದು, ‘ಸುಜಾತಾ, ಪೇಷಂಟ್ ನಿನ್ನ ಟೇಬಲ್ ಮ್ಯಾಲ ನೀ ಕೇಳಿದ್ದು ತೋರಿಸ್ತಾನ. ಹೊರಗ ಬೆಂಚಿನ ಮ್ಯಾಲ ತನಗ ಆಗಿದ್ದು ತೋರಿಸ್ತಾನ. ಅಲ್ಲಿ ಹೋಗಿ ಕೂಡು’ ಎಂದರು. ಒಳಗೆ ‘ಕೈ ಏಳವಲ್ದು’ ಎಂದು ಅಳುವಾಕೆ ಹೊರಗೆ ಸೊಳ್ಳೆ ಹೊಡೆಯಲು ಕೈ ಎತ್ತುತ್ತಾಳೆ. ಒಳಗೆ ‘ಏನೂ ತಕಲೀಫ್ ಇಲ್ರಿ’ ಎನ್ನುವ ಗಂಡಸು ಹೊರಗೆ ಚಪ್ಪಲಿ ಮೆಟ್ಟಲು ಒದ್ದಾಡುತ್ತಿರುತ್ತಾನೆ. ಇಬ್ಬರೂ ಸುಳ್ಳರಲ್ಲ. ನೋವಿಗೂ ಒಂದು ಮರ್ಯಾದೆ ಇರುತ್ತದೆ, ಎಲ್ಲರ ಮುಂದೆ ಅದು ಮುಖ ತೋರಿಸುವುದಿಲ್ಲ.

ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ಚಿತ್ತಾಪುರದ ರೇಷ್ಮಾ ನಮ್ಮಲ್ಲಿ ಸೇರಿದಳು. ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ಧೈರ್ಯ. ಅವಳು ಬಂದ ಸ್ವಲ್ಪ ದಿನಕ್ಕೆ ಹೈದರಾಬಾದಿನಿಂದ ಒಂದು ಡಬ್ಬಿ ಬಂತು. ಒಳಗೆ ಕಣ್ಣು, ಹಣೆ, ಮೂಗು ಎಲ್ಲ ಮುಚ್ಚುವಂಥ ದಪ್ಪ ಕನ್ನಡಕ. ವರ್ಚುವಲ್ ರಿಯಾಲಿಟಿಯಂತೆ. ಅದನ್ನು ಕಟ್ಟಿಕೊಂಡವರಿಗೆ ನಮ್ಮ ಕೋಣೆ ಕಾಣುವುದಿಲ್ಲ, ಬೇರೆಯದೇ ಜಗತ್ತು ಕಾಣುತ್ತದೆ. ತಲೆ ತಿರುಗಿಸಿದತ್ತ ಆ ಜಗತ್ತೂ ತಿರುಗುತ್ತದೆ, ಕೈ ಎತ್ತಿದರೆ ಅಲ್ಲೂ ಕೈ ಏಳುತ್ತದೆ. ಹಳೆಯ ನೋವಿರುವವರ ಮನಸ್ಸು ನೋವನ್ನೇ ಕಾಯುತ್ತ ಕೂತಿರುತ್ತದೆ. ಅದನ್ನು ಆ ಕಾವಲಿನಿಂದ ಎಬ್ಬಿಸಿದರೆ ಮೈ ಮತ್ತೆ ಆಡಲು ಕಲಿಯುತ್ತದೆ, ಇದು ಅದರ ಹಿಂದಿನ ವಿಚಾರ. ಡಾಕ್ಟರ್ ಸಾಹೇಬರು ಅದನ್ನು ತಿರುವಿ ಮುರುವಿ ನೋಡಿ, ‘ಸೊಂಟ ನೋವಿಗಿ ಕಣ್ಣಿಗಿ ಪಟ್ಟಿ ಕಟ್ತೀರಿ. ಇನ್ನ ಹಲ್ಲು ನೋವಿಗಿ ಬೂಟು ತೊಡಸ್ರಿ’ ಎಂದು ಹೋದರು.

ಮೊದಲು ಕಟ್ಟಿಕೊಂಡವಳು ಚಿಂಚೋಳಿ ಕಡೆಯ ಪೋಚಮ್ಮ. ವರ್ಷಗಟ್ಟಲೆ ಸೊಂಟನೋವು. ಬಗ್ಗಿದರೆ ಬೆನ್ನೆಲುಬು ಮುರಿದೇ ಹೋಗುತ್ತದೆಂಬ ಹೆದರಿಕೆ ಅವಳ ಮೈಯಲ್ಲಿ ಕೂತುಬಿಟ್ಟಿತ್ತು. ನೆಲದ ಮೇಲೆ ಬಿದ್ದ ಚಮಚೆಯನ್ನೂ ಸೊಸೆ ಎತ್ತಿಕೊಡಬೇಕು. ಕನ್ನಡಕದೊಳಗೆ ಇದ್ದದ್ದು ಯಾವುದೋ ಪರದೇಶದ ಹಿಮದ ಬೆಟ್ಟ. ಕಣ್ಣು ಹಾಯುವವರೆಗೂ ಬಿಳುಪು. ನೋಡಿ ತಂಪಾಗಿ ಮೈ ಸಡಿಲಿಸಲಿ ಎಂಬುದು ಅದನ್ನು ಮಾಡಿದವರ ಆಸೆ. ಪೋಚಮ್ಮ ನೋಡಿದಳು, ಸುತ್ತ ತಿರುಗಿದಳು, ಒಮ್ಮೆಲೇ ಚೀರಿದಳು:

‘ಅಯ್ಯೋ ಅಮ್ಮಾ! ಇಷ್ಟು ಹತ್ತಿ ಬಿಟ್ಟು ಎಲ್ಲಿಗಿ ಹೋಗ್ಯಾರವ್ವ ಇವ್ರು? ಗಾಳಿ ಬಂದ್ರ ಏನ್ ಗತಿ?’

ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು! ನಮ್ಮ ಸಿಮೆಂಟು ನೆಲದ ಮೇಲಿನ ಇಲ್ಲದ ಹತ್ತಿಯನ್ನು ಎರಡೂ ಕೈಯಲ್ಲಿ ಬಿಡಿಸಿ ಬಿಡಿಸಿ ಮಡಿಲಿಗೆ ಹಾಕತೊಡಗಿದಳು. ಅವಳ ಸೊಸೆ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಳು. ನಾನು ರೇಷ್ಮಾಳ ಮುಖ ನೋಡಿದೆ, ರೇಷ್ಮಾ ನನ್ನ ಮುಖ ನೋಡಿದಳು. ಕನ್ನಡಕ ಬಿಚ್ಚಿದ ಮೇಲೆ ಪೋಚಮ್ಮನಿಗೆ ಬೆನ್ನಿನ ನೆನಪಾಗಲಿಲ್ಲ, ಮಡಿಲು ಖಾಲಿಯಾದದ್ದಕ್ಕೆ ಬೇಜಾರಾಯಿತು. ಮುಂದೆ ಅವಳು ಪ್ರತಿ ಸಲ ಬಂದು, ‘ನನ್ನ ಹೊಲ ಹಚ್ಚವ್ವ’ ಎನ್ನುತ್ತಿದ್ದಳು. ಕನ್ನಡಕ ತೋರಿಸಿದ್ದು ಹಿಮವನ್ನು, ವಾಸಿ ಮಾಡಿದ್ದು ಅವಳ ಹತ್ತಿ. ಯಂತ್ರ ಜಗತ್ತನ್ನು ತೋರಿಸುತ್ತದೆ, ಅದರೊಳಗೆ ಏನು ಕಾಣಬೇಕೆಂಬುದನ್ನು ಮನುಷ್ಯರೇ ಮನೆಯಿಂದ ತರುತ್ತಾರೆ ಎಂದು ನನಗೆ ಅವತ್ತು ತಿಳಿಯಿತು.

ಹಾಗಾದರೆ ನಮ್ಮ ಕಡೆಯದನ್ನೇ ತೋರಿಸೋಣ ಎಂದು ರೇಷ್ಮಾ ಹಟ ಹಿಡಿದಳು. ಸುತ್ತಲಿನದೆಲ್ಲವನ್ನೂ ಒಟ್ಟಿಗೆ ಹಿಡಿಯುವ ಗುಂಡನೆಯ ಕ್ಯಾಮೆರಾ ತರಿಸಿ, ಚಂದ್ರಂಪಳ್ಳಿಗೆ ಹೋಗಿ ಡ್ಯಾಮಿನ ಕಟ್ಟೆಯ ಮೇಲೆ ನಡೆಯುತ್ತ ನಡೆಯುತ್ತ ಚಿತ್ರ ಹಿಡಿದು ಬಂದಳು. ಮೊದಲು ಡಾಕ್ಟರ್ ಸಾಹೇಬರೇ ನೋಡಬೇಕೆಂದು ಬೆನ್ನುಹತ್ತಿದಳು. ಅವರು ನಿಂತೇ ನೋಡುತ್ತೇನೆ ಎಂದರು. ನೀರು, ಗುಡ್ಡ, ಕಾಡು ಎಲ್ಲ ಚೆನ್ನಾಗಿಯೇ ಇತ್ತು. ಆದರೆ ರೇಷ್ಮಾ ನಡೆದಂತೆಲ್ಲ ಕಟ್ಟೆ ಕುಣಿಯುತ್ತಿತ್ತು. ಸಾಹೇಬರು ‘ಏಯ್, ಏಯ್’ ಎಂದು ಇಲ್ಲದ ಕಂಬಿಯನ್ನು ಹಿಡಿಯಲು ಹೋಗಿ ರೇಷ್ಮಾಳ ತೆಕ್ಕೆಗೆ ಬಿದ್ದರು. ಎದ್ದು ಕೋಟು ಸರಿಮಾಡಿಕೊಂಡು ಗೋಡೆಯನ್ನು ಒಂದಿಷ್ಟು ಬೈದರು. ಬಾಗಿಲ ಹತ್ತಿರ ಹೋದವರು ತಿರುಗಿ, ‘ಖರೇ ಅನಸ್ತು. ಬೀಳ್ತೀನಿ ಅಂತ ಖರೇ ಅನಸ್ತು. ಇದರಾಗ ಏನೋ ಅದ. ಮುಂದ ಕುರ್ಚಿ ಹಾಕಿ ತೋರಸ್ರಿ’ ಎಂದರು. ರೇಷ್ಮಾ ಮರುದಿನವೇ ಮತ್ತೆ ಚಂದ್ರಂಪಳ್ಳಿಗೆ ಹೋಗಿ ಕ್ಯಾಮೆರಾವನ್ನು ಕಲ್ಲಿನ ಮೇಲೆ ಅಲ್ಲಾಡದಂತೆ ಇಟ್ಟು ಚಿತ್ರ ತಂದಳು.

ಎಲ್ಲರಿಗೂ ಅದು ನಾಟಿತು ಎಂದು ತಿಳಿಯಬೇಡಿ. ಕೆಲವರಿಗೆ ತಲೆ ಸುತ್ತಿ ವಾಂತಿ ಬರುತ್ತಿತ್ತು. ಕೆಲವರು ನೋಡಿ, ‘ಚಂದ ಅದ್ರಿ, ಈಗ ಗುಳಿಗಿ ಕೊಡ್ರಿ’ ಎನ್ನುತ್ತಿದ್ದರು. ಕರೆಂಟು ಹೋದರೆ ಜಗತ್ತೇ ಹೋಗುತ್ತಿತ್ತು. ಆದರೂ ನನ್ನ ಮೇಣದ ಪೆಟ್ಟಿಗೆಯಿಂದ ಆಗದ ಒಂದು ಕೆಲಸವನ್ನು ಅದು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಅದು ಶಿವಶರಣಪ್ಪನ ಕಥೆ.

ಶಿವಶರಣಪ್ಪ ಶಹಾಬಾದದವನು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಕೆಲಸ. ಕಲ್ಲಿನ ಜೊತೆ ಎಡಗೈ ಮಶೀನಿಗೆ ಸಿಕ್ಕು ಮುಂಗೈ ಹೋಗಿತ್ತು. ಮೊಣಕೈ ಕೆಳಗೆ ಗೇಣುದ್ದ ಉಳಿದಿತ್ತು. ಗಾಯ ಚೆನ್ನಾಗಿ ಮಾಗಿತ್ತು. ನೋವಿದ್ದದ್ದು ಇಲ್ಲದ ಕೈಯಲ್ಲಿ.

ಕೈ ಹೋದರೂ ಮೆದುಳಿನಲ್ಲಿ ಅದರ ಜಾಗ ಹೋಗುವುದಿಲ್ಲ. ಎಷ್ಟೋ ಜನರಿಗೆ ಹೋದ ಕೈಕಾಲು ಅಲ್ಲೇ ಇದ್ದಂತೆ ಅನಿಸುತ್ತದೆ, ಕೆಲವರಿಗೆ ನೋಯುತ್ತದೆ. ಶಿವಶರಣಪ್ಪನ ಕೈ ಮಶೀನು ಎಳೆದುಕೊಂಡ ಗಳಿಗೆಯಲ್ಲಿ ಮುಷ್ಟಿ ಕಟ್ಟಿತ್ತು. ಆ ಮುಷ್ಟಿ ಹಾಗೆಯೇ ಉಳಿದುಬಿಟ್ಟಿತ್ತು.

‘ಉಗುರು ಅಂಗೈಯಾಗ ನಟ್ಟಾವ್ರಿ ಮೇಡಂ. ಬಿಚ್ಚಾಕ ಬರವಲ್ದು. ಇಲ್ಲದ ಕೈ ಹ್ಯಾಂಗ ನೋಯ್ತದಲೇ ಅಂತ ನಮ್ಮ ಅಣ್ತಮ್ರು ನಗ್ತಾರ. ಅದಕ್ಕ ಯಾರಿಗೂ ಹೇಳೋದೇ ಬಿಟ್ಟೀನಿ’ ಎಂದ. ಹೇಳುವಾಗ ಬಲಗೈಯಿಂದ ಗಾಳಿಯಲ್ಲಿ ಆ ಮುಷ್ಟಿ ಇರುವ ಜಾಗವನ್ನು ಸುತ್ತಿ ತೋರಿಸಿದ.

ಬೇಸತ್ತು ಅವನು ಒಂದು ತೀರ್ಮಾನ ಮಾಡಿಬಿಟ್ಟಿದ್ದ. ದೂರದ ದೊಡ್ಡ ಊರಿನ ಸರ್ಜನ್ ಒಬ್ಬರನ್ನು ಕಾಡಿ ಬೇಡಿ ಒಪ್ಪಿಸಿದ್ದ. ದೀಪಾವಳಿ ಕಳೆದ ಮೇಲೆ ಮೊಣಕೈಯ ಮೇಲಕ್ಕೆ ಇನ್ನಷ್ಟು ಕತ್ತರಿಸುವುದು. ಅದರಿಂದ ನೋವು ಹೋಗುವ ಖಾತ್ರಿಯಿಲ್ಲ ಎಂದು ಆ ಸರ್ಜನ್ನರೇ ಹೇಳಿದ್ದರಂತೆ. ‘ಹೋಗ್ಲಿ ಬಿಡ್ರಿ, ಪೂರಾ ಹೋಗ್ಲಿ’ ಎಂದ ಶಿವಶರಣಪ್ಪ. ಅವನ ಹೆಂಡತಿ ಮಹಾದೇವಿ ನೆಲ ನೋಡುತ್ತ ಕೂತಿದ್ದಳು.

ಡಾಕ್ಟರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. ಅಂದು ಅವರು ಗೋಡೆಯನ್ನೂ ಬೈಯಲಿಲ್ಲ. ‘ಮೊಣಕೈ ಇದ್ರ ಚೀಲ ಹಿಡೀತಾನ, ಕೂಸಿನ್ನ ಎತ್ಕೋತಾನ, ನಾಳಿ ನಕಲಿ ಕೈ ಹಾಕಿದ್ರ ಕೆಲಸಾನೂ ಮಾಡ್ತಾನ. ಮೊಣಕೈ ಹೋದ್ರ ಎಲ್ಲಾ ಹೋಯ್ತು. ಮುಷ್ಟಿ ತಲಿಯಾಗ ಅದ ಸುಜಾತಾ, ಕೈಯಾಗ ಇಲ್ಲ. ದೀಪಾವಳಿ ಒಳಗ ಬಿಚ್ಚಸ್ರಿ’ ಎಂದರು.

ಇಂಥ ನೋವಿಗೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಉಪಾಯವಿತ್ತು. ನಡುವೆ ಕನ್ನಡಿ ನಿಲ್ಲಿಸಿದ ಒಂದು ಕಟ್ಟಿಗೆ ಪೆಟ್ಟಿಗೆ. ಮೊಂಡು ಕೈಯನ್ನು ಕನ್ನಡಿಯ ಹಿಂದೆ ಅಡಗಿಸಿ, ಇರುವ ಕೈಯನ್ನು ಮುಂದೆ ಇಡಬೇಕು. ಕನ್ನಡಿಯಲ್ಲಿ ಕಾಣುವ ಕೈ ಹೋದ ಕೈಯಂತೆ ಕಾಣುತ್ತದೆ. ಇದನ್ನು ಬಿಚ್ಚಿದರೆ ಅದೂ ಬಿಚ್ಚಿದಂತೆ ಮೆದುಳು ನಂಬುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಗಾದೆ ಮಾಡಿದವರು ಶಿವಶರಣಪ್ಪನಂಥವರನ್ನು ನೋಡಿರಲಿಲ್ಲ. ಆದರೆ ಅವನಿಗೆ ಆ ಕನ್ನಡಿ ನಡೆಯಲಿಲ್ಲ. ‘ಇದು ನನ್ನ ಬಲಗೈನೇ ಅದಲ್ರಿ’ ಎಂದ, ಮುಗಿಯಿತು.

ಆಗ ರೇಷ್ಮಾ ಕನ್ನಡಕ ತಂದಳು. ಮೊಂಡು ಕೈಗೆ ಒಂದು ಸಣ್ಣ ಯಂತ್ರ ಕಟ್ಟಿದರೆ, ಕನ್ನಡಕದೊಳಗೆ ಅದರ ತುದಿಯಿಂದ ಇಡೀ ಕೈ ಹುಟ್ಟುತ್ತದೆ. ಮೊಂಡು ಎತ್ತ ಹೋದರೆ ಆ ಕೈ ಅತ್ತ ಹೋಗುತ್ತದೆ, ಅದರ ಬೆರಳುಗಳು ಮಾತ್ರ ಬಲಗೈಯ ಬೆರಳು ಮಾಡಿದ್ದನ್ನು ಮಾಡುತ್ತವೆ. ಮೊದಲ ಸಲ ನೋಡಿದಾಗ ಶಿವಶರಣಪ್ಪ, ‘ಬಂತ್ರಿ!’ ಎಂದು ಕೂಗಿಯೇ ಬಿಟ್ಟ. ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿದು ಮೀಸೆ ಸೇರಿತು. ಒಳಗೆ ಸೇಬಿನ ತೋಟವಿತ್ತು. ಕಿತ್ತು ಬುಟ್ಟಿಗೆ ಹಾಕುವ ಆಟ. ಅವನು ಕಿತ್ತ, ಹಾಕಿದ. ಆ ಕೈ ಬಿಚ್ಚಿತು, ಮುಚ್ಚಿತು. ಕನ್ನಡಕ ಇಳಿಸಿದ ಮೇಲೆ ಕೇಳಿದೆ: ‘ಮುಷ್ಟಿ?’

‘ಅಲ್ಲೇ ಅದ್ರಿ. ಆ ಕೈ ಯಾರದೋ. ಗೋಧಿ ಹಿಟ್ಟಿನಂಗ ಬೆಳ್ಳಗದ. ನಂದು ಒಳಗ ಮುಚ್ಚೇ ಅದ.’

ರೇಷ್ಮಾ ಆ ಕೈಗೆ ಅವನ ಬಣ್ಣ ಹಚ್ಚಿಸಿದಳು, ಕಲ್ಲು ಕೆಲಸದವನ ದಪ್ಪ ಬೆರಳು ಮಾಡಿಸಿದಳು. ಆದರೂ ಅದು ಅವನದಾಗಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು.

ಒಂದು ಮಧ್ಯಾಹ್ನ ನಾನು ಹೊರಗೆ ಬೆಂಚಿನ ತುದಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ. ಇನ್ನೊಂದು ತುದಿಯಲ್ಲಿ ಗಂಡ ಹೆಂಡತಿ ವಾಡಿ ರೈಲಿಗೆ ಹೊತ್ತು ಕಾಯುತ್ತಿದ್ದರು. ಶಿವಶರಣಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮೊಂಡು ಕೈ ತಾನಾಗಿ ಮೇಲೆದ್ದು ಎದೆಯ ಮುಂದೆ ಬಂದು ನಿಂತಿತು. ಬಲಗೈ ಕೊರಳಿಗೆ ಹೋಗಿ ಅಂಗಿಯೊಳಗಿನ ಏನನ್ನೋ ಮುಟ್ಟಿ ಕೆಳಗೆ ಇಳಿಯಿತು. ಮಹಾದೇವಿ ಮೆಲ್ಲಗೆ ತನ್ನ ಎಡ ಅಂಗೈಯನ್ನು ಆ ಮೊಂಡಿನ ತುದಿಗೆ, ಕೈ ಇರಬೇಕಾದ ಕಡೆ ಒಡ್ಡಿದಳು. ಬಿಸಿ ಹಂಚು ತಾಗಿದಂತೆ ಅವನು ಬೆಚ್ಚಿ ಕೈ ಎಳೆದುಕೊಂಡ. ಮಹಾದೇವಿ ಆಚೆ ಮುಖ ತಿರುಗಿಸಿದಳು.

ನನ್ನ ಬುತ್ತಿ ಹಾಗೇ ಉಳಿಯಿತು. ಅವನು ನೀರು ಕುಡಿಯಲು ಎದ್ದು ಹೋದಾಗ ಮಹಾದೇವಿಯ ಪಕ್ಕ ಹೋಗಿ ಕೂತೆ.

‘ಲಿಂಗಪೂಜಿರಿ ಮೇಡಂ’ ಎಂದಳು. ‘ಲಿಂಗ ಎಡಗೈ ಮ್ಯಾಲ ಇಟ್ಕೊಂಡು ಮಾಡ್ಬೇಕಲ್ರಿ. ಸಣ್ಣಂದಿನಿಂದ ಒಂದು ದಿನಾ ಬಿಟ್ಟವ್ರಲ್ಲ. ಪೂಜಿ ಆಗದೇ ತುತ್ತು ಎತ್ತಿದವ್ರಲ್ಲ. ಕೈ ಹೋದಾಗಿಂದ ಲಿಂಗ ಕೊಳ್ಳಾಗೇ ಅದ, ತಗದೇ ಇಲ್ಲ. ನಮ್ಮ ಅಯ್ಯನವ್ರು ಬಂದು, ಹೆಂಡ್ತಿ ಕೈ ನಿಂದೇ ಕೈ, ಆಕಿ ಅಂಗೈ ಮ್ಯಾಲ ಇಟ್ಟು ಮಾಡು ಅಂದ್ರು. ನಾ ಕೈ ಒಡ್ಡೀನ್ರಿ. ಆದ್ರ ಅವ್ರ ಮುಷ್ಟಿ ಅಲ್ಲೇ ಇರ್ತದಂತ. ನನ್ನ ಕೈ ಅದರೊಳಗ ಹೊಕ್ಕಂಗ ಆಗಿ ಜೀವ ಹೋಗ್ತದಂತ. ಉಣ್ಣು ಅಂದ್ರ ಕಳ್ಳರಂಗ ಎರಡು ತುತ್ತು ಉಣ್ತಾರ.’

ನಮ್ಮ ಮನೆಯಲ್ಲಿ ಲಿಂಗವಿಲ್ಲ. ಈ ಪೂಜೆಯನ್ನು ನಾನು ನೆರೆಮನೆಗಳಲ್ಲಿ ದೂರದಿಂದ ಕಂಡಿದ್ದೆ, ಅಷ್ಟೇ. ಆದರೆ ಎದೆಯ ಮಟ್ಟಕ್ಕೆ ಬಂದು ನಿಂತ ಆ ಕೈಯನ್ನು ನೋಡಿದ ಮೇಲೆ ನನಗೆ ಬೇರೇನೂ ಬೇಕಾಗಲಿಲ್ಲ. ಬಾಳಿನುದ್ದಕ್ಕೂ ಪ್ರತಿ ಮುಂಜಾನೆ ಆ ಕೈ ಬಿಚ್ಚಿಕೊಂಡು ನಿಂತ ಒಂದು ಜಾಗವಿತ್ತು. ನಾವು ಅದನ್ನು ಸೇಬು ಕೀಳಲು ಕಳಿಸುತ್ತಿದ್ದೆವು! ಆ ಜಾಗದಲ್ಲಿ ಅದು ಬಿಚ್ಚೀತು ಎಂದು ನನ್ನ ಮನಸ್ಸು ಹೇಳಿತು. ಕನ್ನಡಿಯ ಪೆಟ್ಟಿಗೆಯಲ್ಲಿ ಕೈ ಎದೆಯ ಮುಂದೆ ಬರುವಂತಿಲ್ಲ, ಕನ್ನಡಕದಲ್ಲಿ ಬರುತ್ತದೆ.

ರೇಷ್ಮಾಳಿಗೆ ಹೇಳಿದೆ. ಅವಳು ಕುರ್ಚಿ ಬಿಟ್ಟು ಹಾರಿದಳು. ಕನ್ನಡಕ ಕಳಿಸಿದ ಹೈದರಾಬಾದಿನ ಎಂಜಿನಿಯರ್‌ಗೆ ಫೋನು ಹಚ್ಚಿದಳು. ಸೇಬಿನ ತೋಟ ತೆಗೆಸಿದಳು. ತೆಗೆಸಿ ಸುಮ್ಮನಿರಬೇಕಲ್ಲ? ‘ಮೇಡಂ, ಅಂಗೈ ಮ್ಯಾಲ ಲಿಂಗಾನೂ ಇಡಸ್ತೀನಿ. ಖುಷಿ ಆಗ್ತಾರ’ ಎಂದಳು. ನನಗೂ ಅದು ಸೊಗಸೆಂದೇ ತೋರಿತು.

ಶಿವಶರಣಪ್ಪ ಬಂದ. ನೆಲದ ಮೇಲೆ ಚಾಪೆ ಹಾಸಿದ್ದು ನೋಡಿ ಅವನ ಮುಖ ಅರಳಿತು. ಕನ್ನಡಕ ಕಟ್ಟಿದೆವು. ಕೈ ಎದೆಯ ಮುಂದೆ ಬಂತು. ಅಂಗೈ ಮೇಲಾಯಿತು. ಅದರ ಮೇಲೆ ಕರ್ರಗೆ, ಮಿರಮಿರನೆ ಲಿಂಗ ಕಂಡಿತು. ಅವನು ಒಂದು ಗಳಿಗೆ ಕಲ್ಲಾದ. ಆಮೇಲೆ ತಾನೇ ಒಂದು ಕೈಯಲ್ಲಿ ಕನ್ನಡಕ ಬಿಚ್ಚಿ, ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಗೆ ಹೋದ. ಮಹಾದೇವಿ ಚೀಲ ಎತ್ತಿಕೊಂಡು ಹಿಂದೆ ಓಡಿದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಡಾಕ್ಟರ್ ಸಾಹೇಬರು ಕಥೆ ಕೇಳಿ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ‘ಒಬ್ಬಾಕಿ ಮುಸಲ್ಮಾನರ ಮಗಳು, ಒಬ್ಬಾಕಿ ಬುದ್ಧನ ಮನಿಯಾಕಿ. ಇಬ್ರೂ ಕೂಡಿ ಲಿಂಗವಂತನಿಗಿ ಲಿಂಗದೀಕ್ಷಾ ಕೊಟ್ರೇನವ್ವಾ?’ ಎಂದು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ, ‘ಇಲ್ಲಿ ಕುಂತು ಅಳಬ್ಯಾಡ್ರಿ. ಶಹಾಬಾದಕ್ಕ ಹೋಗ್ರಿ’ ಎಂದರು.

ಹೋದೆವು. ವಾಡಿಯಲ್ಲಿ ರೈಲು ಬದಲಿಸುವಾಗ ರೇಷ್ಮಾ, ‘ಬೈದ್ರ ಬೈಸ್ಕೊಳ್ಳೋಣ ಮೇಡಂ. ಬಾಗಲಾ ಹಾಕಿದ್ರ ಏನ್ ಮಾಡೋದು?’ ಎಂದಳು. ಬಾಗಿಲು ತೆರೆದೇ ಇತ್ತು. ಅವನೇ ಕೈಯಾರೆ ಕೊಯ್ದು ಹಾಸಿದ ಫರ್ಸಿಯ ನೆಲ, ಕಾಲಿಟ್ಟರೆ ತಣ್ಣಗೆ. ‘ಬರ್ರಿ, ಕುಂದ್ರಿ’ ಎಂದ. ಮಹಾದೇವಿ ನೀರು ಕೊಟ್ಟಳು. ರೇಷ್ಮಾ ನೀರು ಕುಡಿಯುವ ಮೊದಲೇ, ‘ಮಾಫ್ ಮಾಡ್ರಿ ಅಣ್ಣಾರ’ ಎಂದಳು.

ಶಿವಶರಣಪ್ಪ ತಲೆ ಅಲ್ಲಾಡಿಸಿದ. ‘ನಿಮ್ಮ ಮ್ಯಾಲ ಸಿಟ್ಟಿಲ್ಲವ್ವ. ನೀವು ಚಲೋದಕ್ಕೇ ಮಾಡೀರಿ. ಆದ್ರ ಗುರು ಕೊಟ್ಟ ಲಿಂಗ ನನ್ನ ಕೊಳ್ಳಾಗ ಅದ. ಹುಟ್ಟಿದಾಗ ಕಟ್ಯಾರ, ಸತ್ತಾಗ ನನ್ನ ಜೋಡಿ ಮಣ್ಣಿಗಿ ಬರ್ತದ. ಅದು ಒಂದೇ. ಅಲ್ಲೊಂದು ಇಲ್ಲೊಂದು ಇರ್ತದೇನು? ಅದನ್ನ ನೋಡಿದ ಕೂಡ್ಲೇ, ನಾ ಇದನ್ನ ಬಿಟ್ಟು ಬ್ಯಾರೇದಕ್ಕ ಕೈ ಒಡ್ಡೀನೇನು ಅಂತ ಎದಿ ಝಲ್ ಅಂತು.’ ಕೊರಳ ಹತ್ತಿರ ಅಂಗಿಯ ಮೇಲೆ ಬಲಗೈ ಇಟ್ಟ. ‘ನನಗ ಲಿಂಗ ಕೊಡ್ರಿ ಅಂತ ನಿಮಗ ಕೇಳಿದ್ದಿಲ್ರಿ. ಲಿಂಗ ಅದ. ಇಡ್ಲಿಕ್ಕ ಕೈ ಇಲ್ಲ.’

ರೇಷ್ಮಾ ನೀರಿನ ಲೋಟ ಕೆಳಗಿಟ್ಟಳು. ಮೆಲ್ಲಗೆ ಕೇಳಿದಳು: ‘ಖಾಲಿ ಅಂಗೈ ಇಟ್ರ ಬರ್ತೀರೇನ್ರಿ? ಬರೇ ಖಾಲಿ?’

ಅವನು ಮಹಾದೇವಿಯನ್ನು ನೋಡಿದ. ಮಹಾದೇವಿ ಅವನ ಮೊಣಕೈಯನ್ನು ನೋಡಿದಳು.

‘ಖಾಲಿ ಇದ್ರ ಬರ್ತೀನ್ರಿ.’

ಹೊರಡುವ ಮುಂಚೆ ರೇಷ್ಮಾ ಅಪ್ಪಣೆ ಕೇಳಿ ಆ ನೆಲದ, ಆ ಕೋಣೆಯ ಚಿತ್ರ ಹಿಡಿದುಕೊಂಡಳು. ಈ ಹುಡುಗಿಯನ್ನು ನಾನು ಮೆಚ್ಚುವುದು ಇದಕ್ಕೇ. ಬೈಸಿಕೊಳ್ಳಲು ಹೋದ ಮನೆಯಿಂದಲೂ ಕೆಲಸಕ್ಕೆ ಬೇಕಾದದ್ದನ್ನು ತೆಗೆದುಕೊಂಡು ಬರುತ್ತಾಳೆ. ಮುಂದಿನ ಸಲ ಕನ್ನಡಕ ಕಟ್ಟಿದಾಗ ಶಿವಶರಣಪ್ಪನಿಗೆ ಕಂಡದ್ದು ಅವನದೇ ಫರ್ಸಿ ನೆಲ, ಅವನದೇ ಗೋಡೆ, ಎದೆಯ ಮುಂದೆ ಖಾಲಿ ಅಂಗೈ.

ಇನ್ನೊಂದು ತೊಡಕು ಆಗ ಗೊತ್ತಾಯಿತು. ಪೂಜೆಯಲ್ಲಿ ಎಡಗೈ ಅಲ್ಲಾಡುವಂತಿಲ್ಲ, ಬಲಗೈ ನೀರು ಎರೆಯುತ್ತದೆ, ವಿಭೂತಿ ಹಚ್ಚುತ್ತದೆ, ಬಿಲ್ವಪತ್ರಿ ಏರಿಸುತ್ತದೆ. ನಮ್ಮ ಯಂತ್ರದಲ್ಲಿ ಬಲಗೈ ಬೆರಳು ಮಡಚಿದರೆ ಎಡಗೈಯೂ ಮಡಚುತ್ತದೆ. ರೇಷ್ಮಾ ಮತ್ತೆ ಎಂಜಿನಿಯರ್‌ನ ತಲೆ ತಿಂದಳು. ಕನ್ನಡಕದೊಳಗಿನ ಎಡಗೈ ಒಮ್ಮೆ ಪೂರ್ತಿ ಬಿಚ್ಚಿದ ಮೇಲೆ ಅವಳು ಒಂದು ಗುಂಡಿ ಒತ್ತಿದರೆ ಅದು ಹಾಗೇ ನಿಲ್ಲುವಂತೆ, ಬಲಗೈ ತನ್ನ ಪಾಡಿಗೆ ಆಡುವಂತೆ ಮಾಡಿಸಿದಳು. ಜಗತ್ತಿನಲ್ಲಿ ಬೇರೆ ಯಾರೂ ಆ ಗುಂಡಿಯನ್ನು ಕೇಳಿರಲಿಕ್ಕಿಲ್ಲ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಅವನು ಬರುತ್ತಿದ್ದ, ಕೂಡುತ್ತಿದ್ದ, ಖಾಲಿ ಅಂಗೈಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಬಲಗೈ ಅದರ ಮೇಲೆ ಸುಮ್ಮನೆ ನೀರು ಎರೆದಂತೆ ಆಡುತ್ತಿತ್ತು. ಒಂದು ಮುಂಜಾನೆ ಮಾತ್ರ ಆ ಬಲಗೈ ನಡುವೆಯೇ ನಿಂತಿತು.

‘ಹೆಬ್ಬಟ್ಟು ಬಿಡ್ತ್ರಿ’ ಎಂದ, ಪಿಸುದನಿಯಲ್ಲಿ.

ನಾನು ಬಾಯಿ ಮುಚ್ಚಿಕೊಂಡೆ. ಇಂಥ ಹೊತ್ತಿನಲ್ಲಿ ಮಾತಾಡಬಾರದು ಎಂಬುದು ನಾನು ಕಷ್ಟಪಟ್ಟು ಕಲಿತ ಪಾಠ. ಅವತ್ತು ಹೆಬ್ಬೆರಳು. ಮುಂದಿನ ಸಲ ಬಂದಾಗ ತೋರುಬೆರಳು ಬಿಟ್ಟಿತು, ಮತ್ತೆ ಮುಚ್ಚಿತು, ಮತ್ತೆ ಬಿಟ್ಟಿತು. ಕಿರುಬೆರಳು ಕೊನೆಯವರೆಗೂ ಹಟ ಮಾಡಿತು. ಅದು ಬಿಟ್ಟ ದಿನ ಶಿವಶರಣಪ್ಪ ಕನ್ನಡಕ ಬಿಚ್ಚಿ ಮೊಂಡು ಕೈಯನ್ನೇ ನೋಡುತ್ತ ಕೂತ. ‘ಅಂಗೈಗಿ ಗಾಳಿ ತಾಕ್ಲಿಕತ್ತದ್ರಿ ಮೇಡಂ’ ಎಂದ. ನಾನು ಅತ್ತೆ, ರೇಷ್ಮಾ ಅತ್ತಳು. ಬಾಗಿಲಲ್ಲಿ ಯಾವಾಗ ಬಂದು ನಿಂತಿದ್ದರೋ ಡಾಕ್ಟರ್ ಸಾಹೇಬರು, ಚಪ್ಪಲಿ ಹೊರಗೆ ಬಿಟ್ಟಿದ್ದರು. ಅವರು ಕೇಂದ್ರದೊಳಗೆ ಚಪ್ಪಲಿ ಬಿಟ್ಟು ಬಂದದ್ದನ್ನು ನಾನು ಅದೊಂದೇ ದಿನ ಕಂಡದ್ದು.

ಆಪರೇಷನ್ ಬೇಡವೆಂದು ಅವನೇ ಸರ್ಜನ್ನರಿಗೆ ಫೋನು ಮಾಡಿದ. ಅವರು ನಿಟ್ಟುಸಿರು ಬಿಟ್ಟು, ‘ಭಾಳ ಚಲೋ ಆಯ್ತು’ ಎಂದರಂತೆ. ನೋವು ಪೂರ್ತಿ ಹೋಯಿತೆಂದು ನಾನು ಬರೆಯಲಾರೆ. ಚಳಿಗೆ, ಸಿಟ್ಟಿಗೆ ಆ ಮುಷ್ಟಿ ಮತ್ತೆ ಕಟ್ಟುತ್ತದೆ. ಆದರೆ ಈಗ ಅದನ್ನು ಬಿಚ್ಚುವ ದಾರಿ ಅವನಿಗೆ ಗೊತ್ತು, ಕನ್ನಡಕವಿಲ್ಲದೆಯೂ.

ನನ್ನ ನಿವೃತ್ತಿಗೆ ಸ್ವಲ್ಪ ಮೊದಲು, ದೀಪಾವಳಿ ಕಳೆದ ಮೇಲೆ, ಒಂದು ಮುಂಜಾನೆ ಬರಬೇಕೆಂದು ಮಹಾದೇವಿ ಹೇಳಿ ಕಳಿಸಿದ್ದಳು. ರೇಷ್ಮಾ, ನಾನು ಶಹಾಬಾದಕ್ಕೆ ಹೋದೆವು. ಕನ್ನಡಕ ಸೇಡಂನ ಕಪಾಟಿನಲ್ಲಿತ್ತು. ಶಿವಶರಣಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫರ್ಸಿಯ ಮೇಲೆ ಕೂತಿದ್ದ. ಮೊಂಡು ಕೈ ಎದೆಯ ಮುಂದೆ ಬಂತು. ಪಕ್ಕದಲ್ಲಿ ಮಹಾದೇವಿ ತನ್ನ ಎಡ ಅಂಗೈಯನ್ನು ಹೆದರುತ್ತ ಹೆದರುತ್ತ ಮುಂದೆ ತಂದಳು.

‘ಜರಾ ಈ ಕಡಿ’ ಎಂದ ಅವನು. ‘ಇನ್ನ ಜರಾ ಕೆಳಗ. ಹಾಂ. ನನ್ನ ಅಂಗೈ ಮ್ಯಾಲ ಕುಂತಿತು.’

ಅವನು ಬೆಚ್ಚಲಿಲ್ಲ. ಬಲಗೈಯಿಂದ ಕೊರಳಿನ ಲಿಂಗ ತೆಗೆದು ಅವಳ ಅಂಗೈ ಮೇಲೆ ಇಟ್ಟ. ನೀರು ಎರೆದ, ಪತ್ರಿ ಏರಿಸಿದ, ನೋಡುತ್ತ ಕೂತ. ನಾವು ಬಾಗಿಲಲ್ಲಿ ಕೂತೆವು. ಬಹಳ ದಿನದ ಬಾಕಿ ಪೂಜೆ, ಬೇಗ ಮುಗಿಯಲಿಲ್ಲ. ಅಷ್ಟು ಹೊತ್ತು ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತ ಮಹಾದೇವಿಯ ಕೈ ನೋಡಿ ನನ್ನ ಭುಜವೇ ನೋಯತೊಡಗಿತು.

ಮುಗಿದ ಮೇಲೆ ಶಿವಶರಣಪ್ಪ ಅವಳತ್ತ ತಿರುಗಿ ಕೇಳಿದ: ‘ಕೈ ಸೋತಿತೇನು?’

‘ಯಾಕ ಸೋಲ್ತದ್ರಿ?’ ಎಂದಳು ಮಹಾದೇವಿ. ‘ಕೆಳಗ ನಿಮ್ಮ ಕೈ ಹಿಡದಿತ್ತಲ್ಲ.’